ಮೊಣಕಾಲಿನ ಪ್ಯಾಡ್ ಒಳಗೆ ಹೊಲಿದಿರುವ ಚೀಟಿ

ಮೌಂಟನ್ ಬೈಕ್ ಓಡಿಸುವವರು ಹಾಕಿಕೊಳ್ಳುವ ಮೊಣಕಾಲಿನ ಪ್ಯಾಡನ್ನು ಒಮ್ಮೆ ಒಳಮಗ್ಗುಲಾಗಿ ತಿರುಗಿಸಿ ನೋಡಿ. ಒಗೆಯುವ ವಿಧಾನ, ಅಳತೆ, ತಯಾರಾದ ದೇಶ ಇವುಗಳ ನಡುವೆ ಬೆರಳುಗುರಿನಷ್ಟು ದೊಡ್ಡ ಚಿತ್ರವೊಂದು ಇರುತ್ತದೆ. ಗಾಡಿಯ ಮೇಲೆ ಬಾಗಿ ಕೂತ ಸವಾರನ ಚಿತ್ರ. ಅದರ ಸುತ್ತ ಕೆ ಎಂಬ ಅಕ್ಷರ, ಎ ಅಥವಾ ಬಿ ಎಂಬ ಇನ್ನೊಂದು ಅಕ್ಷರ, 1 ಅಥವಾ 2 ಎಂಬ ಅಂಕಿ, ಕೆಳಗೆ ‘ಇಎನ್ 1621-1:2012’ ಎಂಬ ಸಾಲು. ಅಂಗಡಿಯವರು ಅಂಕಿಯೊಂದನ್ನೇ ತೋರಿಸಿ, ‘ಇದು ಲೆವೆಲ್ 2 ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ’ ಎನ್ನುತ್ತಾರೆ. ಕಣ್ಣು ಬಿಟ್ಟು ನೋಡಿದರೆ ಮೊದಲು ಕಾಣುವುದು, ಚಿತ್ರದಲ್ಲಿರುವ ಗಾಡಿಗೆ ಪೆಡಲೇ ಇಲ್ಲ ಎಂಬುದು. ಅದು ಮೋಟಾರ್ ಸೈಕಲ್.

ಅಚ್ಚಿನಲ್ಲಿ ಆದ ತಪ್ಪು ಎಂದುಕೊಳ್ಳಬೇಡಿ. ಇಎನ್ 1621 ಯುರೋಪಿನಲ್ಲಿ ಮೋಟಾರ್ ಸೈಕಲ್ ಸವಾರರಿಗಾಗಿ ಬರೆದ ಮಾನದಂಡ. ಅದರ ಒಂದನೇ ಭಾಗ ಕೈಕಾಲುಗಳ ಕೀಲಿಗೆ, ಎರಡನೆಯದು ಬೆನ್ನಿಗೆ, ಮೂರನೆಯದು ಎದೆಗೆ, ನಾಲ್ಕನೆಯದು ಗಾಳಿ ತುಂಬಿ ಉಬ್ಬುವ ಅಂಗಿಗಳಿಗೆ ಸಂಬಂಧಿಸಿದ್ದು. ಸೈಕಲ್ ಪ್ಯಾಡ್ ಮಾಡುವವರು ಇದನ್ನೇ ಎರವಲು ತಂದು ತಮ್ಮ ಸರಕನ್ನು ಪರೀಕ್ಷೆಗೆ ಒಡ್ಡುತ್ತಾರೆ. ಈ ಎರವಲಿಗೆ ಕಾರಣವೂ ಇದೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 1976ರಲ್ಲಿ ‘ರೀಪ್ಯಾಕ್’ ಎಂಬ ಇಳಿಜಾರು ಓಟ ಶುರುವಾದಾಗ ಹುಡುಗರು ಜೀನ್ಸ್, ದಪ್ಪ ಬೂಟು, ಕೆಲಸಗಾರರ ಕೈಗವಸು ಹಾಕಿಕೊಂಡು ಹಳೆಯ ಸೈಕಲ್ಲುಗಳಲ್ಲಿ ಧುಮುಕುತ್ತಿದ್ದರು. ಇಳಿದು ಮುಗಿಯುವಷ್ಟರಲ್ಲಿ ಬ್ರೇಕಿನ ಕಾವಿಗೆ ಹಬ್ಬಿನ ಗ್ರೀಸ್ ಕರಗಿ ಹೊಗೆಯಾಗುತ್ತಿತ್ತು. ಪ್ರತಿ ಓಟದ ನಂತರ ಗ್ರೀಸ್ ಮತ್ತೆ ತುಂಬಬೇಕು, ಹಾಗಾಗಿ ಓಟಕ್ಕೆ ಆ ಹೆಸರು. ಡೌನ್‌ಹಿಲ್ ಒಂದು ಪಂದ್ಯವಾಗಿ ಬೆಳೆದಂತೆ ಸವಾರರು ರಕ್ಷಣೆಗೆ ಕೈಚಾಚಿದ್ದು ಮೋಟೋಕ್ರಾಸ್‌ನವರ ಪೆಟ್ಟಿಗೆಗೆ. ಇವತ್ತಿಗೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ ಡೌನ್‌ಹಿಲ್ ಸ್ಪರ್ಧೆಗೆ ಮುಖ ಮುಚ್ಚುವ ಹೆಲ್ಮೆಟ್ ಕಡ್ಡಾಯ. ಬೆನ್ನು, ಮೊಣಕೈ, ಮೊಣಕಾಲು, ಭುಜದ ರಕ್ಷಣೆಯದು ಮಾತ್ರ ಬಲವಾದ ಶಿಫಾರಸು.

ಆದ್ದರಿಂದ ಪ್ಯಾಡ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ‘ಲೆವೆಲ್ ಎಷ್ಟು?’ ಎಂಬುದಕ್ಕಿಂತ ಒಂದು ಹೆಜ್ಜೆ ಹಿಂದಿನದು: ಆ ಲೆವೆಲ್ ಏನನ್ನು ಅಳೆದು ಕೊಟ್ಟದ್ದು?

ಐದು ಕಿಲೋ, ಒಂದು ಮೀಟರ್

ಪರೀಕ್ಷೆ ಸರಳವಾದದ್ದೇ. ಅಲುಗಾಡದಂತೆ ಕೂರಿಸಿದ ಉಕ್ಕಿನ ಅಡಿಗಲ್ಲು, ಅದರ ತಲೆ ಮಂಡಿಯ ಹಾಗೆ ಗುಂಡಗೆ. ಅದರ ಕೆಳಗೆ ಬಲವನ್ನು ಅಳೆಯುವ ಸಂವೇದಕ. ಅಡಿಗಲ್ಲಿನ ಮೇಲೆ ಪ್ಯಾಡನ್ನು ಹೊದಿಸಿ, ಅದರ ಮೇಲೆ 5 ಕಿಲೋ ತೂಕದ ಲೋಹದ ತುಂಡನ್ನು ಸುಮಾರು 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ತಾಗುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್, ಅದು ಹೊತ್ತು ತಂದ ಶಕ್ತಿ 50 ಜೂಲ್. ಪ್ಯಾಡ್ ತನ್ನ ಪಾಲಿನ ಪೆಟ್ಟು ತಿಂದು ಉಳಿದದ್ದನ್ನು ಕೆಳಕ್ಕೆ ದಾಟಿಸುತ್ತದೆ. ಹಾಗೆ ದಾಟಿದ ಬಲ ಅತಿ ಹೆಚ್ಚೆಂದರೆ ಎಷ್ಟು ಕಿಲೋನ್ಯೂಟನ್ ಮುಟ್ಟಿತು ಎಂಬುದನ್ನು ಬರೆದುಕೊಳ್ಳುತ್ತಾರೆ. ಪ್ಯಾಡಿನ ಬೇರೆ ಬೇರೆ ಜಾಗಕ್ಕೆ ಇದೇ ಪೆಟ್ಟು ಬೀಳುತ್ತದೆ.

ಎಲ್ಲ ಪೆಟ್ಟುಗಳ ಸರಾಸರಿ 35 ಕಿಲೋನ್ಯೂಟನ್ ಮೀರದೆ, ಯಾವ ಒಂದು ಪೆಟ್ಟೂ 50 ಮೀರದಿದ್ದರೆ ಅದು ಲೆವೆಲ್ 1. ಸರಾಸರಿ 20ರೊಳಗೆ, ಯಾವ ಪೆಟ್ಟೂ 30 ಮೀರದಂತೆ ನಿಂತರೆ ಲೆವೆಲ್ 2. ಬಲದ ಲೆಕ್ಕ ಇಳಿದಷ್ಟೂ ಒಳ್ಳೆಯದು, ಲೆವೆಲ್‌ನ ಅಂಕಿ ಏರಿದಷ್ಟೂ ಒಳ್ಳೆಯದು. ಎರಡೂ ವಿರುದ್ಧ ದಿಕ್ಕಿನಲ್ಲಿ ಓಡುವುದರಿಂದ ಜಾಹೀರಾತು ಓದುವವರಿಗೆ ಗೊಂದಲವಾಗುವುದು ಸಹಜ.

ಲೆವೆಲ್ ಎಂಬುದು ಶಾಲೆಯ ದರ್ಜೆಯಂತೆ ಕೆಲಸ ಮಾಡುತ್ತದೆ, ಅಂಕಪಟ್ಟಿಯಂತೆ ಅಲ್ಲ. 34 ಕಿಲೋನ್ಯೂಟನ್ ದಾಟಿಸಿದ ಪ್ಯಾಡೂ ಲೆವೆಲ್ 1, 21 ದಾಟಿಸಿದ್ದೂ ಲೆವೆಲ್ 1. ಎರಡನೆಯದು ಲೆವೆಲ್ 2ರ ಗೆರೆಗೆ ಕೂದಲೆಳೆಯಷ್ಟು ಹತ್ತಿರ, ಮೊದಲನೆಯದು ತೇರ್ಗಡೆಯ ಗೆರೆಯ ಮೇಲೆ ಹೇಗೋ ಕೂತಿದೆ. ಚೀಟಿ ನೋಡಿದರೆ ಎರಡೂ ಒಂದೇ. ಲೆವೆಲ್ 2ರ ಒಳಗೂ ಹೀಗೆಯೇ, 19 ಮತ್ತು 10ರ ನಡುವಿನ ಅಂತರ ಚೀಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಸರಾಸರಿ ಬಲವನ್ನು ಕಿಲೋನ್ಯೂಟನ್‌ನಲ್ಲಿ ಬಿಚ್ಚಿ ಹೇಳುವ ತಯಾರಕರ ಮೇಲೆ ನನಗೆ ಹೆಚ್ಚು ನಂಬಿಕೆ. ಬರೀ ‘ಲೆವೆಲ್ 1’ ಎಂದು ದಪ್ಪಕ್ಷರದಲ್ಲಿ ಹಾಕಿ ಸುಮ್ಮನಾಗುವವರು ಯಾವ ತುದಿಯಲ್ಲಿದ್ದಾರೋ ನಾವು ಊಹಿಸಬೇಕು.

ಇನ್ನು 35 ಕಿಲೋನ್ಯೂಟನ್ ಎಂದರೆ ಎಷ್ಟು? ತೂಕದ ಲೆಕ್ಕಕ್ಕೆ ತಂದರೆ ಮೂರೂವರೆ ಟನ್. ಮಂಡಿಯ ಮೇಲೆ ಮೂರೂವರೆ ಟನ್ ಬಿದ್ದರೂ ಪ್ಯಾಡ್ ಪಾಸ್ ಎಂದರೆ ಯಾರಿಗಾದರೂ ದಿಗಿಲಾಗಬೇಕು. ಅಮೆರಿಕದ ಕಾರು ಸುರಕ್ಷತಾ ನಿಯಮದಲ್ಲಿ ಅಪಘಾತ ಪರೀಕ್ಷೆಯ ಬೊಂಬೆಯ ತೊಡೆಮೂಳೆಯ ಉದ್ದಕ್ಕೂ ಹಾಯಬಹುದಾದ ಬಲದ ಮಿತಿ 10 ಕಿಲೋನ್ಯೂಟನ್ ಎಂದು ಗೊತ್ತಾದರೆ ದಿಗಿಲು ಇನ್ನೂ ಹೆಚ್ಚಬಹುದು. ಆದರೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಪ್ಯಾಡಿನ ಪರೀಕ್ಷೆಯಲ್ಲಿ ಕೆಳಗಿರುವುದು ಮಿಸುಕಾಡದ ಉಕ್ಕು. ನಮ್ಮ ಕಾಲಿಗೆ ಚರ್ಮ, ಮಾಂಸ, ಕೀಲು ಇವೆ. ಪೆಟ್ಟು ಬಿದ್ದಾಗ ಕಾಲು ಮಡಚುತ್ತದೆ, ಸರಿಯುತ್ತದೆ, ಮೈ ಉರುಳುತ್ತದೆ, ಅಷ್ಟರಮಟ್ಟಿಗೆ ಬಲದ ಶಿಖರ ತಗ್ಗುತ್ತದೆ. ಉಕ್ಕಿನ ಮೇಲೆ ಅಳೆದ ಸಂಖ್ಯೆ ಯಾವಾಗಲೂ ದೊಡ್ಡದಾಗಿಯೇ ಬರುತ್ತದೆ. ಅಂದರೆ ಈ ಪರೀಕ್ಷೆ ಒಂದು ಪ್ಯಾಡನ್ನು ಇನ್ನೊಂದರೊಡನೆ ಹೋಲಿಸಲು ಒಳ್ಳೆಯ ತಕ್ಕಡಿ. ನಿಮ್ಮ ಮಂಡಿಚಿಪ್ಪು ಮುರಿಯುತ್ತದೋ ಇಲ್ಲವೋ ಎಂದು ಕಣಿ ಹೇಳುವುದು ಅದರ ಕೆಲಸವಲ್ಲ.

ಓಡುವ ವೇಗ, ಬೀಳುವ ವೇಗ

‘ನಾನು ಇಳಿಜಾರಿನಲ್ಲಿ ಗಂಟೆಗೆ 40 ಕಿಲೋಮೀಟರ್ ಹೋಗುತ್ತೇನೆ, 16ರ ಪರೀಕ್ಷೆ ನನಗೇನು ಉಪಯೋಗ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಬಿದ್ದಾಗ ಮಂಡಿ ನೆಲಕ್ಕೆ ಅಪ್ಪಳಿಸುವ ವೇಗವನ್ನು ತೀರ್ಮಾನಿಸುವುದು ಮುಖ್ಯವಾಗಿ ಬಿದ್ದ ಎತ್ತರ. ಮುಂದಕ್ಕೆ ಓಡುತ್ತಿದ್ದ ವೇಗ ಹೆಚ್ಚಿನಂಶ ಜಾರುವುದರಲ್ಲಿ, ಉರುಳುವುದರಲ್ಲಿ ಕರಗುತ್ತದೆ. ಒಂದು ಮೀಟರ್ ಎತ್ತರದಿಂದ ಏನೇ ಬೀಳಲಿ, ನೆಲ ಮುಟ್ಟುವಾಗ ಅದರ ವೇಗ ಆ 16ರ ಆಸುಪಾಸಿನಲ್ಲೇ ಇರುತ್ತದೆ. ಅಷ್ಟರಮಟ್ಟಿಗೆ ಪರೀಕ್ಷೆ ಕಟ್ಟಿದವರ ಲೆಕ್ಕ ಸರಿಯಾಗಿಯೇ ಇದೆ.

ಜಾರಲು, ಉರುಳಲು ಜಾಗವೇ ಇಲ್ಲದಿದ್ದರೆ ಕಥೆ ಬೇರೆ. ಮರದ ಬುಡಕ್ಕೋ, ಎದುರು ನಿಂತ ಬಂಡೆಗೋ ಮಂಡಿ ನೇರವಾಗಿ ಗುದ್ದಿದರೆ ಓಟದ ವೇಗವೇ ಪೆಟ್ಟಿನ ವೇಗ. ಅದೇ 5 ಕಿಲೋ ತೂಕ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೆ ಶಕ್ತಿ ಸುಮಾರು 174 ಜೂಲ್, ಪರೀಕ್ಷೆಯ ಮೂರೂವರೆ ಪಟ್ಟು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಹೈಸ್ಕೂಲಿನ ಪಾಠ ಇಲ್ಲಿ ಮೂಳೆಗೆ ತಾಗುವಂತೆ ನೆನಪಾಗುತ್ತದೆ. ಬೆಂಗಳೂರಿನ ತುರಹಳ್ಳಿ ಕಾಡಿನಂತಹ ಕಡೆ ದಾರಿಯ ಪಕ್ಕದಲ್ಲೇ ಹೆಬ್ಬಂಡೆಗಳು ಎದ್ದು ನಿಂತಿರುತ್ತವೆ. ಅಂಥ ನೆಲದಲ್ಲಿ ಲೆವೆಲ್ 2 ಹಾಕಿಕೊಂಡಿದ್ದೇನೆ ಎಂಬ ಧೈರ್ಯದ ಮೇಲೆ ಬ್ರೇಕ್ ಬಿಡುವುದು ತಪ್ಪು ಲೆಕ್ಕ.

ಮೆತ್ತಗಿದ್ದು ಗಟ್ಟಿಯಾಗುವ ವಸ್ತು

ಪ್ಯಾಡ್ ಮಾಡುವ ಕೆಲಸ ಒಂದೇ, ಪೆಟ್ಟು ನಿಲ್ಲುವ ದೂರವನ್ನೂ ಹೊತ್ತನ್ನೂ ಹಿಗ್ಗಿಸುವುದು. 50 ಜೂಲ್ ಶಕ್ತಿಯನ್ನು 10 ಮಿಲಿಮೀಟರ್ ದಪ್ಪದೊಳಗೆ ಒಂದೇ ಸಮನಾದ ಬಲದಿಂದ ನಿಲ್ಲಿಸಲು ಸಾಧ್ಯವಾಗಿದ್ದರೆ 5 ಕಿಲೋನ್ಯೂಟನ್ ಸಾಕಾಗುತ್ತಿತ್ತು. ಹಾಗೆ ನಿಲ್ಲಿಸಬಲ್ಲ ಫೋಮ್ ಇಲ್ಲ. ಯಾವ ಫೋಮೂ ಪೂರ್ತಿ ಶೂನ್ಯ ದಪ್ಪಕ್ಕೆ ಕುಗ್ಗುವುದಿಲ್ಲ. ಕುಗ್ಗುವಾಗಲೂ ಮೊದಮೊದಲು ಸಡಿಲ, ಕೊನೆಗೆ ಬಿಗಿ. ಕುಗ್ಗಲು ಜಾಗ ಮುಗಿದ ಕ್ಷಣ ಬಲ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಪ್ಯಾಡಿನಷ್ಟೇ ದಪ್ಪದ ಹಾಸಿಗೆಯ ಸ್ಪಂಜು ಮಂಡಿ ಉಳಿಸದಿರುವುದಕ್ಕೆ ಇದೇ ಕಾರಣ: ಎದುರು ನಿಲ್ಲದೆ ಚಪ್ಪಟೆಯಾಗಿ, ಪೆಟ್ಟಿನ ಬಹುಪಾಲನ್ನು ಹಾಗೇ ದಾಟಿಸಿಬಿಡುತ್ತದೆ. ಬರೀ ಗಟ್ಟಿ ಪ್ಲಾಸ್ಟಿಕ್ ಇನ್ನೊಂದು ಅತಿ, ಅದು ಕುಗ್ಗುವುದೇ ಇಲ್ಲ.

ನಡುದಾರಿ ಹುಡುಕಿದವರು ಕೈಹಾಕಿದ್ದು ವೇಗಕ್ಕೆ ತಕ್ಕಂತೆ ಸ್ವಭಾವ ಬದಲಿಸುವ ವಸ್ತುಗಳಿಗೆ. ಕಾರ್ನ್‌ಫ್ಲೋರನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬೆರಳನ್ನು ಮೆಲ್ಲಗೆ ಇಳಿಸಿ, ಒಳಗೆ ಹೋಗುತ್ತದೆ. ಮುಷ್ಟಿಯಿಂದ ಗುದ್ದಿ, ಗೋಡೆಯ ಹಾಗೆ ತಡೆಯುತ್ತದೆ. ಇದೇ ಗುಣವಿರುವ ಪಾಲಿಮರನ್ನು ಫೋಮಿನೊಳಗೆ ಬೆರೆಸಿದರೆ ಪೆಡಲ್ ತುಳಿಯುವಾಗ ಮಂಡಿಯ ಜೊತೆ ಬಾಗುವ, ಕಲ್ಲಿಗೆ ತಾಗಿದ ಕ್ಷಣ ಬಿಗಿಯಾಗುವ ಪ್ಯಾಡ್ ಸಿಗುತ್ತದೆ. ಸ್ನೋಬೋರ್ಡ್ ಆಡುತ್ತಿದ್ದ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಪಾಮರ್ ರೂಪಿಸಿದ ಡಿ3ಒ ಇವುಗಳಲ್ಲಿ ಹೆಸರುವಾಸಿ. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸ್ಕೀ ತಂಡದ ಉಡುಪಿನೊಳಗೆ ಅದು ಸೇರಿದ ಮೇಲೆ ಅದರ ಕಿತ್ತಳೆ ಬಣ್ಣ ಜಗತ್ತಿಗೆ ಪರಿಚಯವಾಯಿತು. ಸಾಸ್‌ಟೆಕ್, ಪೊರಾನ್ ಎಕ್ಸ್‌ಆರ್‌ಡಿ ಮುಂತಾದವು ಇದೇ ಕೆಲಸವನ್ನು ತಮ್ಮದೇ ದಾರಿಯಲ್ಲಿ ಮಾಡುತ್ತವೆ.

ಹೆಸರು ನೋಡಿ ಮರುಳಾಗುವುದು ಬೇಡ. ಒಂದೇ ಕಂಪನಿಯ ವಸ್ತುವಿನಿಂದ ತೆಳು, ದಪ್ಪ, ಲೆವೆಲ್ 1, ಲೆವೆಲ್ 2 ಎಲ್ಲ ಬಗೆಯ ಪ್ಯಾಡುಗಳೂ ಬರುತ್ತವೆ. ಪ್ಯಾಡಿನ ಹೊರಗೆ ವಸ್ತುವಿನ ಲಾಂಛನ ಇದ್ದ ಮಾತ್ರಕ್ಕೆ ಅದು ಇಂಥ ಲೆವೆಲ್ ಎಂದಾಗುವುದಿಲ್ಲ. ಒಳಗಿನ ಚೀಟಿಯನ್ನೇ ಓದಬೇಕು.

ಈ ವಸ್ತುಗಳಿಗೆ ಬಿಸಿಲು ಚಳಿಗಳ ಅರಿವೂ ಇದೆ. ಕಾವಿಗೆ ಮೆದುವಾಗುತ್ತವೆ, ಚಳಿಗೆ ಪೆಡಸಾಗುತ್ತವೆ. ಅದಕ್ಕಾಗಿಯೇ ಮಾನದಂಡದಲ್ಲಿ ಎರಡು ಐಚ್ಛಿಕ ಪರೀಕ್ಷೆಗಳಿವೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಪರೀಕ್ಷಿಸಿ ಗೆದ್ದರೆ ಚೀಟಿಯ ಮೇಲೆ ‘ಟಿ+’ ಗುರುತು, ಸೊನ್ನೆಗಿಂತ 10 ಡಿಗ್ರಿ ಕೆಳಗೆ ಗೆದ್ದರೆ ‘ಟಿ-’. ಯುರೋಪಿನವರಿಗೆ ಇದು ಸಣ್ಣ ವಿಷಯವಿರಬಹುದು. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನ ಕಡೆ ಸೈಕಲ್ ಹೊಡೆಯುವವರಿಗೆ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಪ್ಯಾಡ್ ಬಿಟ್ಟು ಹೋಗುವವರಿಗೆ ಟಿ+ ಗುರುತು ಲೆವೆಲ್‌ನಷ್ಟೇ ಮುಖ್ಯ. ನಮ್ಮಲ್ಲಿ ಜಾಹೀರಾತುಗಳು ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಟಿ- ಗುರುತನ್ನು ಲಡಾಖ್, ಸ್ಪಿತಿಯ ಕಡೆ ಹೊರಟವರು ಹುಡುಕಿದರೆ ಸಾಕು.

ಅಕ್ಷರಗಳು

ಕೆ ಅಂದರೆ ಮೊಣಕಾಲು, ಇ ಅಂದರೆ ಮೊಣಕೈ, ಎಸ್ ಭುಜ, ಎಚ್ ಸೊಂಟದ ಬದಿ, ಎಲ್ ಮೊಣಕಾಲಿನ ಕೆಳಗಿನ ಮುಂಗಾಲು. ಕೆ ಮತ್ತು ಎಲ್ ಜೊತೆಗಿದ್ದರೆ ಮಂಡಿಯಿಂದ ಮುಂಗಾಲಿನವರೆಗೆ ಒಂದೇ ರಕ್ಷಣೆ. ಎ ಎಂದರೆ ಕಾಪಾಡುವ ಜಾಗ ಕಿರಿದು, ಬಿ ಎಂದರೆ ಸಾಮಾನ್ಯ ವಿಸ್ತಾರ. ಮಾರಾಟಗಾರರು ಬಾಯಿಬಿಡದ ಅಕ್ಷರ ಇದೇ. ಲೆವೆಲ್ 2, ಟೈಪ್ ಎ ಎಂದಿದ್ದರೆ ಬಲ ತಡೆಯುವ ಶಕ್ತಿ ಹೆಚ್ಚು, ತಡೆಯುವ ಜಾಗ ಚಿಕ್ಕದು. ಕಲ್ಲು ಮಂಡಿಯ ನಟ್ಟನಡುವಿಗೇ ಬಂದು ತಾಗುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು. ಮಂಡಿಯ ಒಳಬದಿ ಸೈಕಲ್ಲಿನ ಚೌಕಟ್ಟಿಗೂ, ಹೊರಬದಿ ಮರದ ಬೇರಿಗೂ ತಾಗುತ್ತಲೇ ಇರುತ್ತವೆ. ಅಗಲವಾದ ಲೆವೆಲ್ 1, ಟೈಪ್ ಬಿ ಪ್ಯಾಡನ್ನು ಕಿರಿದಾದ ಲೆವೆಲ್ 2ಕ್ಕಿಂತ ಮೇಲೆಂದು ನಾನು ಅನೇಕ ಸಲ ಎಣಿಸುತ್ತೇನೆ.

ಬೆನ್ನಿನ ಪ್ಯಾಡಿಗೆ ಬಂದರೆ ಇದೇ ‘ಲೆವೆಲ್’ ಎಂಬ ಮಾತಿಗೆ ಬೇರೆಯದೇ ಅಳತೆ. ಇಎನ್ 1621-2ರಲ್ಲಿ ಪೆಟ್ಟಿನ ಶಕ್ತಿ 50 ಜೂಲೇ ಆದರೂ ಲೆವೆಲ್ 1ಕ್ಕೆ ಸರಾಸರಿ 18, ಲೆವೆಲ್ 2ಕ್ಕೆ ಸರಾಸರಿ 9 ಕಿಲೋನ್ಯೂಟನ್ ಮೀರಬಾರದು. ಬಿಡಿ ಪೆಟ್ಟುಗಳ ಮಿತಿ 24 ಮತ್ತು 12. ಅಂದರೆ ಬೆನ್ನಿನ ಲೆವೆಲ್ 1 ಸರಾಸರಿಯ ಲೆಕ್ಕದಲ್ಲಿ ಮೊಣಕಾಲಿನ ಲೆವೆಲ್ 2ಕ್ಕಿಂತ ಬಿಗಿ. ಇಲ್ಲಿ ಎಫ್‌ಬಿ ಎಂದರೆ ಪೂರ್ತಿ ಬೆನ್ನು, ಸಿಬಿ ಎಂದರೆ ನಡುಭಾಗ, ಎಲ್‌ಬಿ ಎಂದರೆ ಸೊಂಟದ ಭಾಗ. ಸೈಕಲ್ಲಿನವರು ಬೆನ್ನಿಗೆ ಹಾಕುವ ನೀರಿನ ಚೀಲಗಳಲ್ಲಿ ಕೆಲವಕ್ಕೆ ಇಂಥ ಫಲಕ ಇರುತ್ತದೆ. ಕೊಳ್ಳುವ ಮುನ್ನ ಆ ಫಲಕಕ್ಕೇ ಚೀಟಿ ಇದೆಯೇ ನೋಡಿ. ಆದರೆ ಬೆನ್ನುಮೂಳೆಗೆ ಆಗುವ ದೊಡ್ಡ ಗಾಯಗಳಲ್ಲಿ ಹಲವು ತಲೆಯಡಿಯಾಗಿ ಅಥವಾ ಕುಂಡಿಯೂರಿ ಬಿದ್ದು, ಮೂಳೆಗಳು ಮೇಲಿಂದ ಕೆಳಕ್ಕೆ ಅದುಮಿ ಅಥವಾ ತಿರುಚಿ ಆಗುವಂಥವು. ಹಿಂದಿನಿಂದ ಬರುವ ಪೆಟ್ಟನ್ನು ತಡೆಯುವ ಫಲಕ ಅವನ್ನು ತಡೆಯಲಾರದು.

ಎದೆಗೆ ಕಟ್ಟುವ ಪ್ಲಾಸ್ಟಿಕ್ ಕವಚಗಳಲ್ಲಿ ‘ಇಎನ್ 14021’ ಎಂಬ ಸಂಖ್ಯೆ ಕಂಡರೆ ಒಂದು ಕ್ಷಣ ನಿಲ್ಲಿ. ಅದು ಮುಂದಿನ ಗಾಡಿಯ ಚಕ್ರ ಎಸೆಯುವ ಕಲ್ಲು ತಡೆಯುವ ಕವಚದ ಮಾನದಂಡ, ಬಿದ್ದಾಗಿನ ಪೆಟ್ಟಿಗೆ ಸಂಬಂಧಿಸಿದ್ದಲ್ಲ. ಸ್ಕೇಟಿಂಗ್ ಅಂಗಡಿಯಲ್ಲಿ ಸಿಗುವ ಪ್ಯಾಡುಗಳ ಮೇಲಿನ ‘ಇಎನ್ 14120’ ರೋಲರ್ ಸ್ಕೇಟ್ ಆಡುವವರದು, ಅದರ ಪರೀಕ್ಷೆ ಬೇರೆ. ಹೆಲ್ಮೆಟ್ಟಿನ ಇಎನ್ 1078ರ ಲೆಕ್ಕವಂತೂ ಬಲದ್ದೇ ಅಲ್ಲ, ತಲೆಗೆ ತಗುಲುವ ಧಕ್ಕೆಯ ವೇಗೋತ್ಕರ್ಷದ್ದು. ಅಲ್ಲಿ ಮಿತಿ ಗುರುತ್ವದ 250 ಪಟ್ಟು. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸುವುದು ಲೀಟರನ್ನು ಮೀಟರಿನಲ್ಲಿ ಅಳೆದಂತಾದೀತು.

ಬರೀ ‘ಸಿಇ’ ಎಂಬ ಎರಡು ಅಕ್ಷರ ಮಾತ್ರ ಇದ್ದು ಯಾವ ಇಎನ್ ಸಂಖ್ಯೆಯೂ ಇಲ್ಲದಿದ್ದರೆ ಅದರಿಂದ ಪೆಟ್ಟಿನ ವಿಷಯ ಏನೂ ತಿಳಿಯುವುದಿಲ್ಲ. 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯುರೋಪಿನ 2016/425ನೇ ನಿಯಮದ ಪ್ರಕಾರ ಇಂಥ ರಕ್ಷಣಾ ಸರಕಿನ ಜೊತೆ ಅನುಸರಣೆಯ ಘೋಷಣಾ ಪತ್ರ ಇರಬೇಕು, ಇಲ್ಲವೇ ಅದು ಸಿಗುವ ಜಾಲತಾಣದ ವಿಳಾಸ ಸೂಚನಾ ಹಾಳೆಯಲ್ಲಿರಬೇಕು. ಪೆಟ್ಟಿಗೆಯಲ್ಲಿ ಹತ್ತು ಭಾಷೆಯ ಸಣ್ಣಕ್ಷರದ ಹಾಳೆಯೊಂದನ್ನು ಮಡಚಿ ತುರುಕಿರುತ್ತಾರಲ್ಲ, ಬಿಸಾಡುವ ಮೊದಲು ಅದನ್ನು ಬಿಡಿಸಿ ನೋಡಿ. ‘ಇಎನ್ 1621ರ ಮಟ್ಟಕ್ಕೆ ತಯಾರಿಸಲಾಗಿದೆ’ ಎಂಬ ಮಾತಿಗೂ ‘ಇಎನ್ 1621-1:2012ರಂತೆ ಪ್ರಮಾಣೀಕೃತ’ ಎಂಬ ಮಾತಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಇನ್ನೊಂದು ಎಚ್ಚರ: 1997ರ ಹಳೆಯ ಆವೃತ್ತಿಯಲ್ಲಿ ಲೆವೆಲ್‌ಗಳೇ ಇರಲಿಲ್ಲ, ಕೈಕಾಲಿನ ಪ್ಯಾಡಿಗೆ ಲೆವೆಲ್ ಬಂದದ್ದು 2012ರಲ್ಲಿ. ಕೈಯಿಂದ ಕೈಗೆ ಬಂದ ಪ್ಯಾಡಿನಲ್ಲಿ 1997 ಎಂದಿದ್ದರೆ ಅದು ಇಟ್ಟು ನೆನೆಯುವ ವಸ್ತು, ಹಾಕಿಕೊಳ್ಳುವ ವಸ್ತುವಲ್ಲ.

ಚೀಟಿಯಲ್ಲಿ ಇಲ್ಲದ್ದು

ಉಕ್ಕಿನ ಅಡಿಗಲ್ಲಿನ ಮೇಲೆ ಪ್ಯಾಡ್ ಜಾರುವುದಿಲ್ಲ, ಬೆವರುವುದಿಲ್ಲ, ಪೆಡಲ್ ತುಳಿಯುವುದಿಲ್ಲ. ನಿಜವಾದ ಬೀಳುವಿಕೆಯಲ್ಲಿ ಮೊದಲು ನೆಲ ಪ್ಯಾಡನ್ನು ಹಿಡಿದು ಎಳೆಯುತ್ತದೆ, ಆಮೇಲೆ ಪೆಟ್ಟು. ಆ ಎಳೆತಕ್ಕೆ ಪ್ಯಾಡ್ ನಾಲ್ಕು ಬೆರಳು ಕೆಳಕ್ಕೆ ಸರಿದರೆ ಅದರ ಲೆವೆಲ್ ಎಷ್ಟಾದರೇನು, ಕಲ್ಲು ತಾಗುವುದು ಬರಿ ಚರ್ಮಕ್ಕೆ. ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಳತೆ ಮೊದಲು, ಲೆವೆಲ್ ಆಮೇಲೆ.

ಅಳತೆ ತೆಗೆಯುವುದು ಸುಲಭ, ಆದರೆ ಅಂದಾಜಿನಲ್ಲಿ ಆಗುವುದಿಲ್ಲ. ದರ್ಜಿಯ ಟೇಪು ತೆಗೆದುಕೊಂಡು ಮಂಡಿಚಿಪ್ಪಿನ ಮೇಲೆ ತೊಡೆಯ ಸುತ್ತಳತೆ, ಕೆಳಗೆ ಮೀನಖಂಡದ ಸುತ್ತಳತೆ ತೆಗೆಯಿರಿ. ಚಿಪ್ಪಿನಿಂದ ಎಷ್ಟು ದೂರದಲ್ಲಿ ಅಳೆಯಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಅವರವರ ಪಟ್ಟಿ ನೋಡಿ. ಎರಡೂ ಕಾಲು ಅಳೆಯಿರಿ. ಪ್ಯಾಂಟಿನ ಅಳತೆ ಮೀಡಿಯಂ ಎಂದು ಪ್ಯಾಡೂ ಮೀಡಿಯಂ ಆಗಬೇಕಿಲ್ಲ.

ಹಾಕಿಕೊಂಡು ಅಂಗಡಿಯಲ್ಲೇ ಹತ್ತಿಪ್ಪತ್ತು ಬಸ್ಕಿ ಹೊಡೆಯಿರಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಆಮೇಲೆ ಸೀಟಿನ ಮೇಲೆ ಕೂತವರಂತೆ ಮಂಡಿ ಮಡಚಿ, ಪ್ಯಾಡಿನ ಮೇಲಂಚನ್ನು ಕೈಯಲ್ಲಿ ಹಿಡಿದು ಕೆಳಕ್ಕೂ ಪಕ್ಕಕ್ಕೂ ಎಳೆಯಿರಿ. ಕೈಯ ಎಳೆತಕ್ಕೇ ಚಿಪ್ಪಿನಿಂದ ಸರಿದುಹೋದರೆ ನೆಲದ ಎಳೆತಕ್ಕೆ ಖಂಡಿತ ನಿಲ್ಲುವುದಿಲ್ಲ. ನೆಲದ ಮೇಲೆ ಮಂಡಿಯೂರಿ ಸ್ವಲ್ಪ ಮುಂದೆ ತೆವಳಿ. ಗಟ್ಟಿ ಭಾಗ ಚಿಪ್ಪಿನ ಮೇಲೇ ಉಳಿದರೆ ಸರಿ. ಮಂಡಿಯ ಹಿಂದೆ ಬಟ್ಟೆ ಮುದುಡಿ ಒತ್ತುತ್ತಿದ್ದರೆ, ಪಟ್ಟಿಯ ಕೆಳಗೆ ಕಾಲು ಜೋಮು ಹಿಡಿಯುತ್ತಿದ್ದರೆ ಅಳತೆ ಚಿಕ್ಕದಾಯಿತು. ಒಳಗಿನ ಸಿಲಿಕಾನ್ ಪಟ್ಟಿ ಒಣ ಚರ್ಮಕ್ಕೆ ಚೆನ್ನಾಗಿ ಹಿಡಿಯುತ್ತದೆ, ಕರಾವಳಿಯ ಸೆಕೆಗೆ ಬೆವರಿಳಿದಾಗ ಹಿಡಿತ ಬಿಡುತ್ತದೆ. ಅಂಥ ಕಡೆ ಓಡಿಸುವವರಿಗೆ ಬರೀ ಕಾಲುಚೀಲದಂತೆ ಏರಿಸುವ ಪ್ಯಾಡಿಗಿಂತ ಮೇಲೆ ಕೆಳಗೆ ವೆಲ್ಕ್ರೋ ಪಟ್ಟಿ ಇರುವುದು ಮೇಲು.

ಉಜ್ಜುವಿಕೆ ಕೂಡ ಈ ಮಾನದಂಡದ ಲೆಕ್ಕದಲ್ಲಿಲ್ಲ. ಟ್ರೇಲ್‌ನಲ್ಲಿ ಬಿದ್ದವರಿಗೆ ಹೆಚ್ಚಾಗಿ ಆಗುವುದು ತರಚು ಗಾಯ, ಚರ್ಮದೊಳಗೆ ಸಿಕ್ಕಿಕೊಂಡ ಜಲ್ಲಿಯ ಚೂರು. ಹೊರಬಟ್ಟೆಗೆ ಕೆವ್ಲಾರ್‌ನಂತಹ ನೂಲು ಇದೆಯೇ, ಹೊಲಿಗೆ ಹೊರಗೆ ಎದ್ದಿದೆಯೇ ಎಂದು ಕಣ್ಣಿಂದಲೇ ನೋಡಬೇಕು. ಹೊರಗೆ ಗಟ್ಟಿ ಚಿಪ್ಪಿರುವ ಪ್ಯಾಡಿಗೆ ಇಲ್ಲಿ ಎರಡು ಲಾಭ: ಮೊನಚು ಕಲ್ಲಿನ ಒತ್ತಡವನ್ನು ಅಗಲಕ್ಕೆ ಹರಡುತ್ತದೆ, ಬಂಡೆಗೆ ಕಚ್ಚಿಕೊಳ್ಳದೆ ಜಾರುತ್ತದೆ. ನಷ್ಟ, ಅದನ್ನು ಹಾಕಿಕೊಂಡು ಅರ್ಧ ದಿನ ಏರು ಹತ್ತುವುದು ಶಿಕ್ಷೆ. ಕಾಲು ತಿರುಚಿ ಮಂಡಿಯ ಕಟ್ಟು ಹರಿಯುವುದನ್ನು, ಚಾಚಿದ ಕೈಯ ಮೇಲೆ ಬಿದ್ದು ಮಣಿಕಟ್ಟೋ ಕೊರಳೆಲುಬೋ ಮುರಿಯುವುದನ್ನು ಯಾವ ಲೆವೆಲ್‌ನ ಪ್ಯಾಡೂ ತಡೆಯುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ಏರಿಳಿತದ ಸಾಮಾನ್ಯ ಟ್ರೇಲ್‌ನಲ್ಲಿ ಎರಡು ಮೂರು ಗಂಟೆ ತುಳಿಯುವವರಿಗೆ ಲೆವೆಲ್ 1ರ ಮೆತ್ತನೆಯ ಮೊಣಕಾಲು ಪ್ಯಾಡ್ ಸಾಕು. ಅದು ತೆಳುವಾಗಿರುವುದರಿಂದ ಏರಿನಲ್ಲೂ ಬಿಚ್ಚಬೇಕೆನಿಸುವುದಿಲ್ಲ. ಬಿಚ್ಚಿ ಚೀಲಕ್ಕೆ ಸಿಕ್ಕಿಸಿದ ಪ್ಯಾಡನ್ನು ಇಳಿಜಾರು ಬಂದಾಗ ನಿಂತು ಮತ್ತೆ ಹಾಕಿಕೊಳ್ಳುವವರು ಕಡಿಮೆ. ಎಂಡ್ಯೂರೊ ಓಡಿಸುವವರು ತೂಕ, ಸೆಕೆ ಸಹಿಸುವುದಾದರೆ ಲೆವೆಲ್ 2ಕ್ಕೆ ಹೋಗಬಹುದು. ಹತ್ತುವ ಕೆಲಸವೇ ಇಲ್ಲದ ಡೌನ್‌ಹಿಲ್, ಬೈಕ್ ಪಾರ್ಕ್, ದೊಡ್ಡ ಜಿಗಿತಗಳಿಗೆ ಲೆವೆಲ್ 2, ಟೈಪ್ ಬಿ, ಸಾಧ್ಯವಾದರೆ ಮುಂಗಾಲೂ ಸೇರಿ; ಅಲ್ಲಿ ರಾಜಿ ಬೇಡ. ಕ್ರಾಸ್ ಕಂಟ್ರಿ ಸ್ಪರ್ಧಿಗಳು ಪ್ಯಾಡನ್ನೇ ಹಾಕುವುದಿಲ್ಲ, ಅದು ಅವರ ಲೆಕ್ಕಾಚಾರ. ಮೊಣಕಾಲು ಆದ ಮೇಲೆ ದುಡ್ಡು ಉಳಿದರೆ ಮೊಣಕೈ, ಅದಾದ ಮೇಲೆ ಬೆನ್ನು. ಕೈಗೆ ಪೂರ್ತಿ ಬೆರಳಿನ ಗ್ಲೌಸ್ ಮತ್ತು ತಲೆಗೆ ಹೆಲ್ಮೆಟ್ ಇವೆಲ್ಲಕ್ಕಿಂತ ಮೊದಲೇ ಬಂದಿರಬೇಕು.

ಕೊಂಡ ಮೇಲೆ: ಒಳಗಿನ ಫೋಮ್ ಹೊರತೆಗೆಯಲು ಬರುವುದಾದರೆ ತೆಗೆದು, ಬಟ್ಟೆಯನ್ನು ಮಾತ್ರ ಒಗೆಯಿರಿ. ವೆಲ್ಕ್ರೋ ಮುಚ್ಚಿರಲಿ, ನೆರಳಲ್ಲಿ ಒಣಗಿಸಿ, ಡ್ರೈಯರ್‌ಗೆ ಹಾಕಬೇಡಿ. ಬೆವರು, ಬಿಸಿಲು, ವಯಸ್ಸು ಎಲ್ಲ ಸೇರಿ ಫೋಮ್ ಸೊರಗುತ್ತದೆ. ಅದುಮಿದ ಬೆರಳಿನ ಗುರುತು ಮೊದಲಿನಂತೆ ಮೇಲೇಳದಿದ್ದರೆ, ಬಿರುಕು ಕಂಡರೆ, ಜೋರು ಪೆಟ್ಟು ತಿಂದು ಆಕಾರ ಬದಲಾಗಿದ್ದರೆ ಪ್ಯಾಡ್ ಬದಲಿಸಿ. ಥರ್ಮಾಕೋಲಿನ ಜಾತಿಯ ಫೋಮ್ ಇರುವ ಪ್ಯಾಡ್ ಒಂದು ದೊಡ್ಡ ಪೆಟ್ಟಿಗೇ ಪುಡಿಯಾಗುತ್ತದೆ, ಅದನ್ನು ಎರಡನೆಯ ಸಲ ನಂಬುವಂತಿಲ್ಲ.

ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ ಎಂದು ಯೂನಿಫಾರಂ, ಶೂಗಳನ್ನು ಒಂದು ಅಳತೆ ದೊಡ್ಡದಾಗಿ ತರುವುದು ನಮ್ಮ ಮನೆಗಳ ವಾಡಿಕೆ. ಪ್ಯಾಡಿನಲ್ಲಿ ಆ ಉಳಿತಾಯ ಮಾಡಬೇಡಿ. ದೊಡ್ಡ ಪ್ಯಾಡ್ ಬಿದ್ದ ಕ್ಷಣ ಪಾದದ ಕಡೆಗೆ ಇಳಿದಿರುತ್ತದೆ. ಈ ವರ್ಷದ ಕಾಲಿಗೆ ಸರಿಯಾಗಿ ಕೂರುವ ಲೆವೆಲ್ 1 ಕೊಡಿಸಿ, ಬೆಳೆದಾಗ ಬದಲಿಸಿ, ಚೆನ್ನಾಗಿರುವ ಹಳೆಯದನ್ನು ಪಕ್ಕದ ಮನೆಯ ಪುಟ್ಟನಿಗೆ ಕೊಡಿ.